ಹ್ಯಾಕಿಂಟಾಶ್ ರಿಪೇರಿ: ಯಾವ ಸುಳ್ಳು ಸಿಕ್ಕಿಬಿತ್ತು?

(ಬೆಂಗಳೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ, ಕಂಪ್ಯೂಟರ್ ಹುಚ್ಚಿರುವ ಕೆಲವರ ಮುಂದೆ, ಹ್ಯಾಕಿಂಟಾಶ್, ಅಂದರೆ ಆಪಲ್ ಮ್ಯಾಕ್‌ನ ಓಎಸ್ ಆದ ಮ್ಯಾಕ್‌ಓಎಸ್ ಓಡಿಸುವ ಸಾಮಾನ್ಯ ಪಿಸಿ, ಕೆಟ್ಟರೆ ಏನು ಮಾಡಬೇಕು ಅಂತ ಆಡಿದ ಮಾತುಗಳಿವು. ಅವತ್ತು ಹೇಳಲು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲಿರುವ ಕಪ್ಪು ಡಬ್ಬ ನೋಡಿ. 2019ರಲ್ಲಿ ಎಸ್.ಪಿ. ರೋಡಿನಲ್ಲಿ ಒಂದೊಂದೇ ಭಾಗ ಕೊಂಡು ತಂದು ನಾನೇ ಜೋಡಿಸಿದ್ದು. ಇಂಟೆಲ್ ಐ7-8700 ಪ್ರೊಸೆಸರ್, ಜೆಡ್390 ಚಿಪ್‌ಸೆಟ್ ಇರುವ ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್. ಎಷ್ಟು ಬಿಚ್ಚಿ ನೋಡಿದರೂ ಆಪಲ್ ಕಂಪನಿಯ ಒಂದು ಸ್ಕ್ರೂ ಕೂಡ ಇದರಲ್ಲಿ ಸಿಗುವುದಿಲ್ಲ. ಆದರೆ ಆನ್ ಮಾಡಿ 'ಅಬೌಟ್ ದಿಸ್ ಮ್ಯಾಕ್' ಒತ್ತಿದರೆ 'ಐಮ್ಯಾಕ್, 27 ಇಂಚು, 2019' ಅಂತ ತೋರಿಸುತ್ತದೆ. ಮಾನಿಟರ್ ಇರುವುದು 22 ಇಂಚಿನದು. ಅಲ್ಲಿಂದಲೇ ಸುಳ್ಳು ಶುರು.

ನಾನು ಪ್ರೋಗ್ರಾಮರ್ ಅಲ್ಲ. ಮದುವೆ, ನಾಟಕಗಳ ವಿಡಿಯೋ ಎಡಿಟ್ ಮಾಡುವವನು. ಫೈನಲ್ ಕಟ್ ಪ್ರೋ ಮ್ಯಾಕ್‌ನಲ್ಲಿ ಮಾತ್ರ ಓಡುತ್ತಿತ್ತು ಆಗ, ನನ್ನ ಹತ್ತಿರ ಮ್ಯಾಕ್ ಕೊಳ್ಳುವಷ್ಟು ದುಡ್ಡಿರಲಿಲ್ಲ. ಕಾರಣ ಇಷ್ಟೇ.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. ಇನ್ನು ಮುಂದೆ ಮ್ಯಾಕ್‌ಗಳಲ್ಲಿ ಇಂಟೆಲ್ ಪ್ರೊಸೆಸರ್ ಇರುತ್ತದೆ ಅಂತ ಸ್ಟೀವ್ ಜಾಬ್ಸ್ 2005ರ ಜೂನ್‌ನಲ್ಲಿ ಹೇಳಿದರು. 2006ರ ಜನವರಿಯಲ್ಲಿ ಅಂಥ ಮೊದಲ ಮ್ಯಾಕ್‌ಗಳು ಬಂದವು. ನಮ್ಮ ಮನೆಯ ಪಿಸಿಯಲ್ಲಿರುವುದೂ ಇಂಟೆಲ್, ಅವರದ್ದೂ ಇಂಟೆಲ್ ಅಂದ ಮೇಲೆ ಜನ ಸುಮ್ನೆ ಇರ್ತಾರಾ? ಹಾಕಿ ನೋಡಿದರು, ಗುದ್ದಾಡಿದರು, ಕೊನೆಗೆ ಓಡಿಸಿದರು. ಅಂಥ ಪಿಸಿಗೆ ಹ್ಯಾಕಿಂಟಾಶ್ ಅನ್ನುತ್ತಾರೆ. ಮ್ಯಾಕ್‌ಓಎಸ್ ಅನ್ನು ಆಪಲ್ ಹೆಸರಿನ ಕಂಪ್ಯೂಟರಿನಲ್ಲಿ ಮಾತ್ರ ಹಾಕಬೇಕು ಅಂತ ಅದರ ಲೈಸೆನ್ಸ್ ಹೇಳುತ್ತದೆ. ಫ್ಲೋರಿಡಾದ ಸೈಸ್ಟಾರ್ ಅನ್ನುವ ಕಂಪನಿ 2008ರಲ್ಲಿ ಇಂಥ ಪಿಸಿಗಳನ್ನು ಮಾರತೊಡಗಿತು, ಆಪಲ್ ಕೋರ್ಟಿಗೆ ಹೋಗಿ 2009ರಲ್ಲಿ ಗೆದ್ದಿತು. ನಾನು ಇಲ್ಲಿ ಏನನ್ನೂ ಮಾರುತ್ತಿಲ್ಲ, ನೀವೂ ಇದನ್ನು ವ್ಯಾಪಾರ ಮಾಡಿಕೊಳ್ಳಬೇಡಿ.

ಈಗ ಈ ಸ್ಕ್ರೀನ್ ನೋಡಿ. ಬೂಟ್ ಆಗುವಾಗ ಬಿಳಿ ಅಕ್ಷರಗಳು ಸರಸರ ಓಡುತ್ತಿವೆಯಲ್ಲ, ಅದರ ನಡುವೆ ಒಂದು ಸಾಲು ಬರುತ್ತದೆ: 'ಡಿಎಸ್‌ಎಂಓಎಸ್ ಹ್ಯಾಸ್ ಅರೈವ್ಡ್'. ಡಿಎಸ್‌ಎಂಓಎಸ್ ಅಂದರೆ 'ಡೋಂಟ್ ಸ್ಟೀಲ್ ಮ್ಯಾಕ್ ಓಎಸ್', ಕದಿಯಬೇಡಿ ಅಂತ. ತಮಾಷೆ ಅಲ್ಲ, ನಿಜಕ್ಕೂ ಆ ಹೆಸರಿನ ಫೈಲ್ ಒಳಗಿದೆ. ಫೈಂಡರ್, ಡಾಕ್‌ನಂಥ ಕೆಲವು ಪ್ರೋಗ್ರಾಂಗಳಿಗೆ ಆಪಲ್ ಬೀಗ ಹಾಕಿ ಇಟ್ಟಿತ್ತು. ಬೀಗದ ಕೈ ಇರುವುದು ನಿಜವಾದ ಮ್ಯಾಕ್‌ನೊಳಗಿನ ಎಸ್‌ಎಂಸಿ ಅನ್ನುವ ಚಿಪ್ಪಿನಲ್ಲಿ. ಆ ಕೈ ಕೂಡ ಬರೀ ಅಂಕಿಗಳ ರಾಶಿಯಲ್ಲ. 'ಈ ಮಾತುಗಳು ನಮ್ಮ ದುಡಿಮೆಯನ್ನು ಕಾಯುತ್ತಿವೆ, ದಯವಿಟ್ಟು ಕದಿಯಬೇಡಿ' ಅನ್ನುವ ಅರ್ಥದ ಇಂಗ್ಲಿಷ್ ವಾಕ್ಯ ಅದು. ನಮ್ಮ ಪಿಸಿಯಲ್ಲಿ ಆ ಚಿಪ್ ಇಲ್ಲ. ಅದಕ್ಕೆ ವರ್ಚುವಲ್‌ಎಸ್‌ಎಂಸಿ ಅನ್ನುವ ಪುಟ್ಟ ಡ್ರೈವರು ಚಿಪ್ಪಿನ ವೇಷ ಹಾಕಿಕೊಂಡು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ, ಆ ವಾಕ್ಯವನ್ನು ಒಪ್ಪಿಸಿಬಿಡುತ್ತದೆ. ಕದಿಯಬೇಡಿ ಅನ್ನುವ ಮಾತನ್ನೇ ಹೇಳಿ ಒಳಗೆ ಹೋಗುವುದು! ನನಗಂತೂ ಇವತ್ತಿಗೂ ನಗು ಬರುತ್ತದೆ.

ಇದು ಒಂದು ಸುಳ್ಳು. ಇಂಥವು ಹತ್ತಾರು ಇವೆ. ಓಪನ್‌ಕೋರ್ ಅನ್ನುವ ಬೂಟ್‌ಲೋಡರ್ ಮೊದಲು ಎದ್ದು ಈ ಸುಳ್ಳುಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತದೆ, ಆಮೇಲೆ ಮ್ಯಾಕ್‌ಓಎಸ್ ಅನ್ನು ಒಳಗೆ ಕರೆಯುತ್ತದೆ. ಇದು ಐಮ್ಯಾಕ್ ಅನ್ನುವುದು ಒಂದು. ಈ ಸೌಂಡ್ ಚಿಪ್ ನಿನಗೆ ಗೊತ್ತಿರುವುದೇ ಅನ್ನುವುದು ಇನ್ನೊಂದು. ಗಡಿಯಾರದ ಚಿಪ್ ಹಳೆ ಕಾಲದ್ದೇ ಅನ್ನುವುದು ಮತ್ತೊಂದು. ಯಾವ ಸುಳ್ಳು, ಎಷ್ಟು, ಯಾವ ಕ್ರಮದಲ್ಲಿ ಎಂಬುದೆಲ್ಲ ಕಾನ್ಫಿಗ್ ಪಿಲಿಸ್ಟ್ ಅನ್ನುವ ಒಂದು ಫೈಲಿನಲ್ಲಿರುತ್ತದೆ. ಹಾಗಾಗಿ ಹ್ಯಾಕಿಂಟಾಶ್ ಕೆಟ್ಟಿತು ಅಂದರೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಯಾವ ಸುಳ್ಳು ಸಿಕ್ಕಿಬಿತ್ತು?

ಅದು ಗೊತ್ತಾಗಬೇಕಾದರೆ ಸೇಬಿನ ಚಿತ್ರ ಬಿಟ್ಟು ಅಕ್ಷರ ನೋಡಬೇಕು. 'ಸರ್, ಸೇಬಿನ ಕೆಳಗೆ ಗೆರೆ ಅರ್ಧಕ್ಕೆ ನಿಂತಿದೆ, ಏನು ಮಾಡಲಿ' ಅಂತ ಯಾರಾದರೂ ಫೋನ್ ಮಾಡಿದರೆ ನನ್ನ ಹತ್ತಿರ ಉತ್ತರ ಇಲ್ಲ, ಯಾರ ಹತ್ತಿರವೂ ಇಲ್ಲ. ಕಾನ್ಫಿಗ್ ಫೈಲಿನ ಬೂಟ್ ಆರ್ಗ್ಯುಮೆಂಟ್ಸ್ ಜಾಗದಲ್ಲಿ 'ಮೈನಸ್ ವಿ' ಹಾಕಿ, ಚಿತ್ರ ಹೋಗಿ ಅಕ್ಷರ ಬರುತ್ತದೆ. ಜೊತೆಗೆ 'ಡಿಬಗ್=0ಎಕ್ಸ್100' ಹಾಕಿದರೆ ಕರ್ನಲ್ ಪ್ಯಾನಿಕ್ ಆದಾಗ, ಅಂದರೆ ಓಎಸ್‌ನ ತಿರುಳಾದ ಕರ್ನಲ್ ಕುಸಿದಾಗ, ಮೆಷಿನ್ ತಾನಾಗಿ ರೀಸ್ಟಾರ್ಟ್ ಆಗದೆ ಅಲ್ಲೇ ನಿಲ್ಲುತ್ತದೆ, ಓದಲು ಪುರುಸೊತ್ತು ಸಿಗುತ್ತದೆ. ಸಾಲುಗಳು ಓಡಿಹೋಗುತ್ತವೆ ಅಂತ ಗೊಣಗಬೇಡಿ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ವಿಡಿಯೋದವನಾಗಿ ನಾನು ಕೊಡಬಹುದಾದ ಒಂದೇ ವೃತ್ತಿಪರ ಸಲಹೆ ಇದು.

ಇಲ್ಲಿ ಒಂದು ವಿಷಯ ಗಮನಿಸಿ. ಕೊನೆಯ ಸಾಲೇ ಕಳ್ಳ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ತನ್ನ ಕೆಲಸ ಸರಿಯಾಗಿ ಮುಗಿಸಿ ಹೋದವನ ಸಹಿ ಮಾತ್ರ. ಕಳ್ಳ ಅದರ ಮುಂದಿನವನು, ಸಹಿ ಹಾಕುವ ಮೊದಲೇ ಬಿದ್ದವನು. ಆದ್ದರಿಂದ ಸರಿಯಾಗಿ ಬೂಟ್ ಆಗುವ ದಿನವೇ ಒಂದು ವಿಡಿಯೋ ತೆಗೆದಿಟ್ಟುಕೊಳ್ಳಿ. ಕೆಟ್ಟ ದಿನ ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುಂದೆ ಯಾವ ಸಾಲು ಬರಬೇಕಿತ್ತು ಅಂತ ಗೊತ್ತಾಗುತ್ತದೆ.

ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ. ಇದು ನಾನು ಕೆಟ್ಟು ಕಲಿತದ್ದು. ಒಂದು ರಾತ್ರಿ ಸೌಂಡ್ ಬರುತ್ತಿಲ್ಲ ಅಂತ ಕೂತವನು, ಹೇಗೂ ಕೂತಿದ್ದೇನಲ್ಲ ಅಂತ ಓಪನ್‌ಕೋರ್ ಅಪ್‌ಡೇಟ್ ಮಾಡಿದೆ, ಕೆಕ್ಸ್ಟ್‌ಗಳನ್ನೂ ಮಾಡಿದೆ, ಅಂದರೆ ಡ್ರೈವರುಗಳನ್ನು, ಅದರ ಮೇಲೆ ಬಯೋಸ್, ಅಂದರೆ ಮದರ್‌ಬೋರ್ಡಿನೊಳಗಿನ ಮೂಲ ಪ್ರೋಗ್ರಾಂ, ಅದನ್ನೂ ಹೊಸದು ಹಾಕಿದೆ. ಬೆಳಗಿನ ಜಾವ ಮೂರಕ್ಕೆ ಸೌಂಡ್ ಇರಲಿ, ಸೇಬು ಕೂಡ ಇಲ್ಲ. ಮೂರು ತಪ್ಪುಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು, ಬಿಡಿಸಲು ಐದು ದಿನ ಹಿಡಿಯಿತು. ಒಂದು, ಓಪನ್‌ಕೋರ್ ಹೊಸದು, ಕಾನ್ಫಿಗ್ ಫೈಲ್ ಹಳೆಯದು. ಹಾಗಿದ್ದಾಗ ಶುರುವಿನಲ್ಲೇ 'ನೋ ಸ್ಕೀಮಾ' ಅಂತ ಸಾಲುಗಳು ಬರುತ್ತವೆ, ನಾನು ಅವನ್ನು ಓದಿಯೇ ಇರಲಿಲ್ಲ. ಇನ್ನೊಂದು, ಲಿಲು ಅನ್ನುವ ಕೆಕ್ಸ್ಟ್ ಎಲ್ಲಕ್ಕಿಂತ ಮೊದಲು ಲೋಡ್ ಆಗಬೇಕು, ವರ್ಚುವಲ್‌ಎಸ್‌ಎಂಸಿ, ಸೌಂಡಿನ ಆಪಲ್‌ಎಎಲ್‌ಸಿ, ಗ್ರಾಫಿಕ್ಸಿನ ವಾಟೆವರ್‌ಗ್ರೀನ್ ಎಲ್ಲ ಅದರ ಹೆಗಲ ಮೇಲೆ ನಿಂತಿರುವವು. ನಾನು ಕ್ರಮ ತಪ್ಪಿಸಿದ್ದೆ. ಮತ್ತೆ ಆ ಬಯೋಸ್.

ಬಯೋಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ 'ನಾನು ಏನೂ ಮುಟ್ಟಿಲ್ಲ, ಬಯೋಸ್ ಅಪ್‌ಡೇಟ್ ಮಾಡಿದೆ ಅಷ್ಟೇ' ಅನ್ನುವವರೇ ಜಾಸ್ತಿ. ಬಯೋಸ್ ಅಪ್‌ಡೇಟ್ ಆದರೆ ನೀವು ಮಾಡಿದ್ದ ಸೆಟ್ಟಿಂಗ್‌ಗಳೆಲ್ಲ ಸಾಮಾನ್ಯವಾಗಿ ಮೊದಲಿನಂತಾಗುತ್ತವೆ. ಸಿಎಫ್‌ಜಿ ಲಾಕ್ ಮತ್ತೆ ಆನ್ ಆಗುತ್ತದೆ, ಸಿಎಸ್‌ಎಂ (ಹಳೆ ರೀತಿಯ ಬೂಟ್‌ಗಿರುವ ವ್ಯವಸ್ಥೆ) ವಾಪಸ್ ಬರುತ್ತದೆ, ದೊಡ್ಡ ಮೆಮೊರಿ ವಿಳಾಸಗಳನ್ನು ಕಾರ್ಡುಗಳಿಗೆ ಬಿಟ್ಟುಕೊಡುವ ಅಬೋವ್ 4ಜಿ ಡಿಕೋಡಿಂಗ್ ಆಫ್ ಆಗಬಹುದು, ಫಾಸ್ಟ್ ಬೂಟ್ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಸಿಎಫ್‌ಜಿ ಲಾಕ್ ಅಂದರೆ ಪ್ರೊಸೆಸರಿನೊಳಗಿನ ಒಂದು ಪುಟ್ಟ ಜಾಗಕ್ಕೆ ಹಾಕಿದ ಬೀಗ. ಮ್ಯಾಕ್‌ಓಎಸ್ ಅಲ್ಲಿ ಬರೆಯಲು ಹೋಗುತ್ತದೆ, ಬೀಗ ಇದ್ದರೆ ಬಿದ್ದುಹೋಗುತ್ತದೆ. ಬಯೋಸ್‌ನಲ್ಲಿ ಆ ಆಯ್ಕೆಯೇ ಇಲ್ಲದ ಬೋರ್ಡುಗಳಿಗೆ ಓಪನ್‌ಕೋರ್‌ನಲ್ಲಿ ಒಂದು ಕ್ವಿರ್ಕ್, ಅಂದರೆ ಇಂಥ ತೊಡಕು ದಾಟಿಸುವ ಆಯ್ಕೆ, ಇದೆ, ಇರುವ ಬೋರ್ಡುಗಳಲ್ಲಿ ಆಫ್ ಮಾಡಿದರೆ ಸಾಕು. 'ಎಕ್ಸಿಟ್‌ಬಿಎಸ್ ಸ್ಟಾರ್ಟ್' ಅನ್ನುವ ಸಾಲಿನಲ್ಲಿ ಎಲ್ಲ ತಣ್ಣಗಾದರೆ ಬಯೋಸ್ ಸೆಟ್ಟಿಂಗ್ ಮತ್ತು ಕಾನ್ಫಿಗ್‌ನ ಬೂಟರ್ ಭಾಗ, ಈ ಎರಡನ್ನು ನೋಡಿ. ಆ ಹಂತದಲ್ಲಿ ಕರ್ನಲ್ ಇನ್ನೂ ಎದ್ದೇ ಇಲ್ಲ, ಗ್ರಾಫಿಕ್ಸ್ ಕಾರ್ಡನ್ನೋ ಯುಎಸ್‌ಬಿಯನ್ನೋ ಬೈದು ಪ್ರಯೋಜನ ಇಲ್ಲ. ಬಯೋಸ್‌ನ ಪ್ರತಿ ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೊನೆಯದಾಗಿ, ಯಾವುದೇ ಪ್ರಯೋಗವನ್ನು ಡಿಸ್ಕಿನಲ್ಲಿ ಮಾಡಬೇಡಿ. ಇಎಫ್‌ಐ ಫೋಲ್ಡರನ್ನು (ಓಪನ್‌ಕೋರ್, ಕಾನ್ಫಿಗ್, ಕೆಕ್ಸ್ಟ್‌ಗಳೆಲ್ಲ ಇರುವುದು ಇದರಲ್ಲೇ) ಪೆನ್ ಡ್ರೈವಿಗೆ ಹಾಕಿ ಅಲ್ಲಿಂದ ಬೂಟ್ ಮಾಡಿ ನೋಡಿ, ಕೆಟ್ಟರೆ ಕಿತ್ತು ಹಾಕಿದರಾಯಿತು.

ಈಗ ಯುಎಸ್‌ಬಿ. ಇದು ದೊಡ್ಡ ಕಥೆ.

ಮ್ಯಾಕ್‌ಓಎಸ್ ಒಂದು ಯುಎಸ್‌ಬಿ ಕಂಟ್ರೋಲರಿಗೆ 15 ಪೋರ್ಟುಗಳನ್ನು ಮಾತ್ರ ಒಪ್ಪುತ್ತದೆ. ಹದಿನೈದು ತೂತು ಯಾರಿಗೆ ಬೇಕು ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಗಲ್ಲ. ಒಂದು ನೀಲಿ ಪೋರ್ಟ್ ಅಂದರೆ ಎರಡು, ಯುಎಸ್‌ಬಿ 2 ವೇಗಕ್ಕೆ ಒಂದು, ಯುಎಸ್‌ಬಿ 3 ವೇಗಕ್ಕೆ ಇನ್ನೊಂದು. ಬ್ಲೂಟೂತ್ ಒಳಗಿನಿಂದ ಒಂದು ಪೋರ್ಟ್ ತಿನ್ನುತ್ತದೆ. ಬಣ್ಣದ ದೀಪಗಳ ಕಂಟ್ರೋಲರ್ ಇದ್ದರೆ ಅದಕ್ಕೂ ಒಂದು. ನನ್ನ ಬೋರ್ಡಿನಲ್ಲಿ ಎಲ್ಲ ಸೇರಿ ಇಪ್ಪತ್ತರ ಮೇಲಾಯಿತು. ಹದಿನೈದು ಮುಗಿದ ಮೇಲೆ ಉಳಿದವು ಮ್ಯಾಕ್‌ಓಎಸ್ ಪಾಲಿಗೆ ಇಲ್ಲವೇ ಇಲ್ಲ. ಮಿತಿ ದಾಟಿಸುವ ಒಂದು ಕ್ವಿರ್ಕ್ ಓಪನ್‌ಕೋರ್‌ನಲ್ಲಿದೆ, ಆದರೆ ಮ್ಯಾಕ್‌ಓಎಸ್‌ನ ಬಿಗ್ ಸರ್ 11.3 ಆವೃತ್ತಿಯಿಂದ ಅದನ್ನು ನಂಬುವಂತಿಲ್ಲ.

ಇದರಿಂದ ಆಗುವ ಮೊದಲ ತೊಂದರೆ ಇನ್‌ಸ್ಟಾಲ್ ಮಾಡುವಾಗಲೇ. 'ಸ್ಟಿಲ್ ವೇಟಿಂಗ್ ಫಾರ್ ರೂಟ್ ಡಿವೈಸ್' ಅಂತ ನಿಂತುಬಿಡುತ್ತದೆ. ಅಂದರೆ ಪೆನ್ ಡ್ರೈವಿನಿಂದ ಎದ್ದ ಮ್ಯಾಕ್‌ಓಎಸ್‌ಗೆ ಈಗ ಆ ಪೆನ್ ಡ್ರೈವೇ ಕಾಣಿಸುತ್ತಿಲ್ಲ. ಬಾವಿಗೆ ಇಳಿದ ಮೇಲೆ ಮೇಲಿದ್ದವರು ಹಗ್ಗ ಎಳೆದುಕೊಂಡ ಹಾಗೆ. ಪೆನ್ ಡ್ರೈವನ್ನು ಹಿಂದಿನ ಕಪ್ಪು ಪೋರ್ಟಿಗೆ, ಅಂದರೆ ಯುಎಸ್‌ಬಿ 2ಕ್ಕೆ ಹಾಕಿದರೆ ಎಷ್ಟೋ ಸಲ ಮುಂದೆ ಹೋಗುತ್ತದೆ.

ಎರಡನೆಯ ತೊಂದರೆ ನಯವಂಚಕ. ಒಂದು ಮದುವೆಯ ಎರಡು ಕ್ಯಾಮೆರಾ ಕಾರ್ಡುಗಳನ್ನು ಮುಂದಿನ ಪೋರ್ಟಿನಿಂದ ಕಾಪಿ ಹಾಕಿದೆ, ಮೂರು ಗಂಟೆ ತೋರಿಸಿತು. ಕಾರ್ಡ್ ರೀಡರ್ ಕೆಟ್ಟಿದೆ ಅಂತ ಹೊಸದು ತಂದೆ, ಅದೂ ಹಾಗೇ. ಆ ಪೋರ್ಟಿನಲ್ಲಿ ಮೌಸ್ ಓಡುತ್ತದೆ, ಪೆನ್ ಡ್ರೈವ್ ಓಡುತ್ತದೆ, ಆದ್ದರಿಂದ ಪೋರ್ಟ್ ಮೇಲೆ ಸಂಶಯವೇ ಬರಲಿಲ್ಲ. ನಿಜ ಏನೆಂದರೆ ಆ ನೀಲಿ ಪೋರ್ಟಿನ ಯುಎಸ್‌ಬಿ 2 ಅರ್ಧ ಹದಿನೈದರ ಒಳಗಿತ್ತು, ಯುಎಸ್‌ಬಿ 3 ಅರ್ಧ ಹೊರಗೆ ಬಿದ್ದಿತ್ತು. ಮ್ಯಾಕ್‌ಓಎಸ್ ಏನೂ ದೂರು ಹೇಳಲಿಲ್ಲ, ನಿಧಾನವಾಗಿ ಕೆಲಸ ಮಾಡುತ್ತಾ ಕೂತಿತ್ತು.

ಇದಕ್ಕೆ ಮದ್ದು ಯುಎಸ್‌ಬಿ ಮ್ಯಾಪ್. ಒಂದು ಹಾಳೆ ತಗೊಳ್ಳಿ, ಕಂಪ್ಯೂಟರಿನ ಹಿಂದು ಮುಂದು ಚಿತ್ರ ಬರೆಯಿರಿ. ಒಂದು ಹಳೆ ಯುಎಸ್‌ಬಿ 2 ಪೆನ್ ಡ್ರೈವ್, ಒಂದು ಯುಎಸ್‌ಬಿ 3 ಪೆನ್ ಡ್ರೈವ್ ಹಿಡಿದು ಒಂದೊಂದೇ ತೂತಿಗೆ ಎರಡನ್ನೂ ಚುಚ್ಚುತ್ತಾ ಹೋಗಿ. ಯುಎಸ್‌ಬಿಮ್ಯಾಪ್ ಅನ್ನುವ ಪುಕ್ಕಟೆ ಪ್ರೋಗ್ರಾಂ ಯಾವ ತೂತಿಗೆ ಯಾವ ಹೆಸರು ಅಂತ ತೋರಿಸುತ್ತದೆ. ಹಾಳೆಯಲ್ಲಿ ಬರೆದುಕೊಂಡು, ಬೇಕಾದ ಹದಿನೈದನ್ನು ಆರಿಸಿ, ಉಳಿದವನ್ನು ಬಿಟ್ಟುಬಿಡಿ. ಬ್ಲೂಟೂತ್‌ಗೆ 'ಇಂಟರ್ನಲ್' ಅಂತ ಗುರುತು ಹಾಕಲು ಮರೆಯಬೇಡಿ, ಮರೆತರೆ ಮೆಷಿನ್ ನಿದ್ದೆಗೆ ಹೋಗಲು ತಕರಾರು ಮಾಡಬಹುದು. ಒಂದು ಮಧ್ಯಾಹ್ನದ ಕೆಲಸ, ಬೇಜಾರಿನ ಕೆಲಸ. ಆದರೆ ಸ್ಲೀಪ್ ಆಗದಿರುವುದು, ಆದ ತಕ್ಷಣ ಏಳುವುದು, ಹಾರ್ಡ್ ಡಿಸ್ಕ್ ತಾನಾಗಿ ಕಳಚಿಕೊಳ್ಳುವುದು, ಇಂಥ ಎಷ್ಟೋ ರೋಗಗಳು ಇದೊಂದರಿಂದ ವಾಸಿಯಾದದ್ದು ಕಂಡಿದ್ದೇನೆ.

ಇಲ್ಲಿ ಹಿಂದಿನ ಸಾಲಿನ ಹುಡುಗಿ ಒಬ್ಬಳು ಕೇಳಿದಳು: 'ಇಷ್ಟೆಲ್ಲ ಯಾಕೆ ಸರ್, ಇದೇ ಬೋರ್ಡ್ ಇರುವವರ ಇಎಫ್‌ಐ ಫೋಲ್ಡರ್ ಇಳಿಸಿಕೊಂಡರೆ ಆಗಲ್ವಾ?' ಆಗಬಹುದು. ಬೇರೆಯವರ ಅಳತೆಗೆ ಹೊಲಿದ ಅಂಗಿ ಒಮ್ಮೊಮ್ಮೆ ನಮಗೂ ಸರಿಹೋಗುತ್ತದೆ. ಆದರೆ ಅವರ ಪೋರ್ಟ್ ಬೇರೆ, ಬಯೋಸ್ ವರ್ಶನ್ ಬೇರೆ, ಕೆಟ್ಟರೆ ಅವರು ಯಾವ ಸುಳ್ಳು ಯಾಕೆ ಹೇಳಿದ್ದಾರೆ ಅಂತ ನಿಮಗೆ ಗೊತ್ತಿರುವುದಿಲ್ಲ. ಅದಕ್ಕಿಂತ ಮುಖ್ಯ, ಆ ಫೋಲ್ಡರಿನಲ್ಲಿ ಅವರ ಸೀರಿಯಲ್ ನಂಬರ್ ಇರಬಹುದು. ಒಂದೇ ನಂಬರಿನಲ್ಲಿ ಹತ್ತು ಜನ ಲಾಗಿನ್ ಆದರೆ ಐಮೆಸೇಜ್, ಫೇಸ್‌ಟೈಮ್ ಎಲ್ಲ ಕೈಕೊಡುತ್ತವೆ. ಬೇರೆ ಏನು ಎರವಲು ತಂದರೂ ನಂಬರನ್ನು ಮಾತ್ರ ನೀವೇ ಹೊಸದಾಗಿ ಮಾಡಿಕೊಳ್ಳಿ.

ಕಪ್ಪು ಪರದೆ. ಸೇಬು ಬಂತು, ಗೆರೆ ತುಂಬಿತು, ಮಾನಿಟರ್ ಆಫ್ ಆಯಿತು. ಮೊದಲು ಕೇಬಲ್ ಎಲ್ಲಿ ಹಾಕಿದ್ದೀರಿ ನೋಡಿ. ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿ ಅರ್ಧ ದಿನ ಕಳೆದವರು ಇದ್ದಾರೆ, ಹೆಸರು ಹೇಳುವುದಿಲ್ಲ, ಮೈಕ್ ಅವರ ಕೈಯಲ್ಲೇ ಇದೆ. ಆರ್‌ಎಕ್ಸ್ 5700, 6600 ತರಹದ, ಎಎಂಡಿಯ ನವಿ ಸರಣಿಯ ಕಾರ್ಡ್ ಆಗಿದ್ದರೆ ಬೂಟ್ ಆರ್ಗ್ಯುಮೆಂಟಿನಲ್ಲಿ 'ಎಜಿಡಿಪಿಮಾಡ್=ಪಿಕೆರಾ' ಹಾಕಿ, ವಾಟೆವರ್‌ಗ್ರೀನ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಕಾರಣ ಮತ್ತೆ ಅದೇ: ಈ ಐಮ್ಯಾಕ್‌ನಲ್ಲಿ ಯಾವ ಕಾರ್ಡಿನಿಂದ ಚಿತ್ರ ಬರಬೇಕು ಅಂತ ಮ್ಯಾಕ್‌ಓಎಸ್ ತನ್ನ ಪಟ್ಟಿ ತೆಗೆದು ನೋಡುತ್ತದೆ, ಅಲ್ಲಿ ನಮ್ಮ ಸುಳ್ಳು ಸಿಕ್ಕಿಬೀಳುತ್ತದೆ. ಈ ಮಾತು ಆ ಪಟ್ಟಿ ನೋಡುವುದನ್ನೇ ತಪ್ಪಿಸುತ್ತದೆ.

ಒಬ್ಬರು ಜಿಟಿಎಕ್ಸ್ 1660 ಇದೆ ಅಂದರು. ಅದಕ್ಕೆ ಡ್ರೈವರೇ ಇಲ್ಲ, ಯಾವತ್ತೂ ಬರಲಿಲ್ಲ. ಜಿಟಿಎಕ್ಸ್ 1060 ತರಹದವಕ್ಕೆ ಮ್ಯಾಕ್‌ಓಎಸ್‌ನ ಹೈ ಸಿಯೆರಾ ಆವೃತ್ತಿಯವರೆಗೆ ಎನ್‌ವಿಡಿಯಾ ಡ್ರೈವರ್ ಕೊಡುತ್ತಿತ್ತು, 2018ರ ಮೊಹಾವೆಯಿಂದ ಅದೂ ನಿಂತಿತು. ಎಎಂಡಿಯಲ್ಲೂ ಆರ್‌ಎಕ್ಸ್ 6600 ಓಡುತ್ತದೆ, ಆಪಲ್ ಕೊಟ್ಟ ಡ್ರೈವರುಗಳಲ್ಲಿ ಅದಕ್ಕಿಂತ ದುಬಾರಿಯ 6700 ಎಕ್ಸ್‌ಟಿ ಓಡುವುದಿಲ್ಲ. ಯಾಕೆ ಅಂದರೆ ಆಪಲ್ ಆ ಚಿಪ್ಪಿಗೆ ಡ್ರೈವರ್ ಬರೆದಿಲ್ಲ, ಅಷ್ಟೇ. ಇಲ್ಲದ ಡ್ರೈವರನ್ನು ಸುಳ್ಳು ಹೇಳಿ ತರಿಸಲು ಆಗುವುದಿಲ್ಲ.

ಈಗ ನನ್ನ ಮಾನ ಕಳೆದ ಕಥೆ. ಪ್ರತಿ ಸಲ ಮ್ಯಾಕ್‌ಓಎಸ್‌ನಿಂದ ರೀಸ್ಟಾರ್ಟ್ ಮಾಡಿದಾಗ ಬಯೋಸ್ 'ಸೇಫ್ ಮೋಡ್‌ನಲ್ಲಿದ್ದೇನೆ, ಎಫ್1 ಒತ್ತಿ' ಅನ್ನುತ್ತಿತ್ತು. ನಮಗೆಲ್ಲ ಇದಕ್ಕೆ ಉತ್ತರ ಬಾಯಿಪಾಠ ಅಲ್ವಾ, ಬಯೋಸ್ ಸೆಟ್ಟಿಂಗ್ ಕಾಪಾಡುವ ಸಿಮಾಸ್ ಬ್ಯಾಟರಿ ಹೋಗಿದೆ ಅಂತ. ಮೂವತ್ತು ರೂಪಾಯಿಯ ಸಿಆರ್2032 ಸೆಲ್ ತಂದು ಹಾಕಿದೆ. ಮಾರನೇ ದಿನ ಮತ್ತೆ ಅದೇ. ಅಂಗಡಿಯವನು ಹಳೇ ಸ್ಟಾಕ್ ಕೊಟ್ಟ ಅಂತ ಬೈದುಕೊಂಡು ಇನ್ನೊಂದು ಅಂಗಡಿಯಿಂದ ತಂದೆ. ಮತ್ತೆ ಅದೇ. ಬೋರ್ಡನ್ನೇ ವಾರಂಟಿಗೆ ಕೊಡಲು ಹೊರಟಿದ್ದೆ. ಆಗ ಒಂದು ವಿಷಯ ಗಮನಕ್ಕೆ ಬಂತು: ವಿಂಡೋಸ್‌ನಿಂದ ರೀಸ್ಟಾರ್ಟ್ ಮಾಡಿದರೆ ಹೀಗಾಗುತ್ತಿರಲಿಲ್ಲ. ಬ್ಯಾಟರಿಗೆ ಯಾವ ಓಎಸ್ ಅಂತ ಗೊತ್ತಿರುತ್ತದಾ? ಗಡಿಯಾರದ ಚಿಪ್ಪಿನೊಳಗೆ ಒಂದಿಷ್ಟು ಮೆಮೊರಿ ಇರುತ್ತದೆ, ನಿಜವಾದ ಮ್ಯಾಕ್‌ನಲ್ಲಿ ಮ್ಯಾಕ್‌ಓಎಸ್ ಅಲ್ಲಿ ಒಂದು ಚೆಕ್‌ಸಮ್, ಅಂದರೆ ತಾಳೆ ನೋಡುವ ಅಂಕಿ, ಬರೆಯುತ್ತದೆ. ಕೆಲವು ಪಿಸಿ ಬೋರ್ಡುಗಳಲ್ಲಿ ಬಯೋಸ್ ಅದೇ ಜಾಗದಲ್ಲಿ ತನ್ನ ಸಾಮಾನು ಇಟ್ಟಿರುತ್ತದೆ. ಮರಳಿ ಬಂದು ನೋಡಿದರೆ ಮನೆಯೊಳಗೆ ಯಾರೋ ಹೊಕ್ಕು ಚೆಲ್ಲಾಡಿ ಹೋಗಿದ್ದಾರೆ, ಗಾಬರಿಯಾಗಿ ಸೇಫ್ ಮೋಡಿಗೆ ಹೋಗುತ್ತದೆ. ಓಪನ್‌ಕೋರ್‌ನಲ್ಲಿ 'ಡಿಸೇಬಲ್ ಆರ್‌ಟಿಸಿ ಚೆಕ್‌ಸಮ್' ಅನ್ನುವ ಆಯ್ಕೆ ಆನ್ ಮಾಡಿದೆ. ಮುಗೀತು. ಆ ಎರಡು ಸೆಲ್‌ಗಳು ಈಗಲೂ ಡ್ರಾಯರಿನಲ್ಲಿವೆ.

ಇದಕ್ಕೆ ಉಲ್ಟಾ ಕಥೆಯೂ ಇದೆ. ಎಕ್ಸ್‌ಪೋರ್ಟ್ ಮಾಡುವಾಗ ಮೆಷಿನ್ ಒಮ್ಮೊಮ್ಮೆ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಮೂರು ವಾರ ಕೆಕ್ಸ್ಟ್ ಬದಲಿಸಿದೆ, ಐಮ್ಯಾಕ್ ಬಿಟ್ಟು ಮ್ಯಾಕ್ ಪ್ರೋ ವೇಷ ಹಾಕಿಸಿದೆ. ಕೊನೆಗೆ ಬೇಸತ್ತು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಅನ್ನು ಪೆನ್ ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ಸ್ಕ್ರೀನ್ ತುಂಬ ಕೆಂಪು. ಎರಡು ರ‍್ಯಾಮ್ ಕಡ್ಡಿಗಳಲ್ಲಿ ಒಂದು ಹಾಳಾಗಿತ್ತು. ಅಲ್ಲಿ ಯಾವ ಸುಳ್ಳೂ ಇರಲಿಲ್ಲ, ಹಾರ್ಡ್‌ವೇರ್ ನಿಜ ಹೇಳುತ್ತಿತ್ತು. ಅವತ್ತಿನಿಂದ ಮೊದಲು ವಿಂಡೋಸ್‌ನಲ್ಲೋ ಲೈವ್ ಲಿನಕ್ಸ್‌ನಲ್ಲೋ ಅದೇ ಭಾರದ ಕೆಲಸ ಕೊಟ್ಟು ನೋಡುತ್ತೇನೆ. ಅಲ್ಲೂ ಬಿದ್ದರೆ ಕಾನ್ಫಿಗ್ ಫೈಲನ್ನು ತೆರೆಯುವುದೇ ಇಲ್ಲ.

ಕೊನೆಯಲ್ಲಿ ಪ್ರಶ್ನೆಗಳು. ಈಗ ಹೊಸದಾಗಿ ಕಟ್ಟಬಹುದಾ ಅಂತ ನಾಲ್ಕು ಜನ ಕೇಳಿದರು. ಮ್ಯಾಕ್‌ಗಾಗಿಯೇ ಅಂತಾದರೆ ಬೇಡ. 2020ರಲ್ಲಿ ಆಪಲ್ ಇಂಟೆಲ್ ಬಿಡತೊಡಗಿ ತನ್ನದೇ ಎಂ1 ಚಿಪ್ ತಂದಿತು. 2023ರ ಸೊನೋಮಾ ಆವೃತ್ತಿಯಲ್ಲಿ ನಾವು ಹುಡುಕಿ ಹುಡುಕಿ ಕೊಳ್ಳುತ್ತಿದ್ದ ಬ್ರಾಡ್‌ಕಾಮ್ ವೈಫೈ ಕಾರ್ಡುಗಳ ಡ್ರೈವರ್ ಹೋಯಿತು. 2025ರ ಟಾಹೋ, ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ಅಂತ ಆಪಲ್ಲೇ ಹೇಳಿದೆ. ಎಂ4 ಚಿಪ್ಪಿನ ಮ್ಯಾಕ್ ಮಿನಿ 2024ರಲ್ಲಿ ಇಲ್ಲಿ 59,900 ರೂಪಾಯಿಗೆ ಬಂತು. ಅದೇ ದುಡ್ಡಿಗೆ ಈ ಡಬ್ಬ ಕಟ್ಟಿಕೊಂಡು ರಾತ್ರಿ ಮೂರಕ್ಕೆ ಅಕ್ಷರ ಓದುವುದು ಯಾಕೆ? ಆದರೆ ಪಿಸಿ ಆಗಲೇ ಮನೆಯಲ್ಲಿದೆ, ಕೈ ತುರಿಸುತ್ತಿದೆ ಅಂದರೆ ನಾನು ತಡೆಯುವುದಿಲ್ಲ.

ಎಲ್ಲರೂ ಏಳುವ ಹೊತ್ತಿಗೆ ಅರವತ್ತು ದಾಟಿದ ಒಬ್ಬರು ಯಜಮಾನರು ಹತ್ತಿರ ಬಂದರು. ಅವರ ಪಿಸಿಯಲ್ಲಿ ಎರಡೂ ಓಎಸ್ ಇವೆಯಂತೆ. 'ನಂದು ಸಣ್ಣ ತೊಂದರೆ. ಮ್ಯಾಕ್ ಹಾಕಿ ಆಮೇಲೆ ವಿಂಡೋಸಿಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತೆ. ಒಂದು ವರ್ಷದಿಂದ ದಿನಾ ಕೈಯಲ್ಲೇ ಸರಿ ಮಾಡ್ಕೊಳ್ತಿದೀನಿ' ಅಂದರು.

ಐದೂವರೆ ಅಂದ ಕೂಡಲೇ ಹೊಳೆಯಬೇಕು ನೋಡಿ. ಮ್ಯಾಕ್‌ಓಎಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಸಮಯ, ಅಂದರೆ ಹೆಚ್ಚು ಕಡಿಮೆ ಗ್ರೀನಿಚ್ ಸಮಯ, ಇಡುತ್ತದೆ. ವಿಂಡೋಸ್ ಅದನ್ನೇ ನಮ್ಮೂರಿನ ಸಮಯ ಅಂತ ಓದುತ್ತದೆ. 'ಸರ್, ಇದೊಂದರಲ್ಲಿ ನಿಮ್ಮ ಮ್ಯಾಕ್‌ನದು ಏನೂ ತಪ್ಪಿಲ್ಲ, ವಿಂಡೋಸ್‌ಗೆ ತಿಳಿಹೇಳಬೇಕು' ಅಂದೆ. ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ರಿಜಿಸ್ಟ್ರಿಯಲ್ಲಿ ಟೈಮ್‌ಝೋನ್ ಇನ್‌ಫರ್ಮೇಶನ್ ಅನ್ನುವ ಜಾಗಕ್ಕೆ ಹೋಗಿ 'ರಿಯಲ್‌ಟೈಮ್ ಈಸ್ ಯೂನಿವರ್ಸಲ್' ಅಂತ, ಮಧ್ಯೆ ಜಾಗ ಬಿಡದೆ, ಒಂದು ಡಿವರ್ಡ್ (DWORD) ನಮೂದು ಮಾಡಿ ಬೆಲೆ 1 ಕೊಡಿ, ರೀಸ್ಟಾರ್ಟ್ ಮಾಡಿ. ಅವರು ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಹಿಂದೆ ಬರೆದುಕೊಂಡರು. 'ಒಂದು ವರ್ಷ' ಅಂತ ಇನ್ನೊಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡು, ಕೈಗಡಿಯಾರ ನೋಡಿ, ಊಟಕ್ಕೆ ಹೊತ್ತಾಯಿತು ಅಂತ ಹೊರಟರು.